ಗಾಜಿನ ಮೇಲೆ ಮೇಷ್ಟ್ರು ಬರೆದ ಅಕ್ಷರ

ಪೆನ್ನು ಹಿಡಿದು ಗಾಜಿನ ಮೇಲೆಯೇ ಬರೆಯುವ ಟ್ಯಾಬ್ಲೆಟ್ ಕಂಪ್ಯೂಟರನ್ನು ನಾನು ಅಂಗಡಿಗೆ ತಂದ ವಾರ, ನೋಡಲು ಬಂದವರಲ್ಲಿ ಅರ್ಧ ಜನ ಕೇಳಿದ್ದು ಒಂದೇ ಪ್ರಶ್ನೆ. ‘ಇಂಕು ಎಲ್ಲಿ ಹಾಕ್ತೀರಿ ಮೇಡಂ?’ ಉಳಿದರ್ಧ ಜನ ಏನೂ ಕೇಳದೆ, ಬರೆದದ್ದು ಅಳಿಸುತ್ತದೋ ಇಲ್ಲವೋ ಎಂದು ಬೆರಳಿನಿಂದ ಉಜ್ಜಿ ನೋಡಿದರು. ಪಾರ್ಕಿನ ಗೇಟಿನಲ್ಲಿ ಹೂವು ಮಾರುವ ಅಜ್ಜಿ ಪೆನ್ನನ್ನು ಕಣ್ಣಿಗೊತ್ತಿಕೊಂಡು, ಒಂದು ತುಂಡು ಕನಕಾಂಬರವನ್ನು ಗಾಜಿನ ಮೇಲಿಟ್ಟು ಹೋದಳು. ಹೂವಿನ ನೀರು ಇಳಿದು ಪರದೆಯ ಮೇಲೆ ತಾನಾಗಿಯೇ ಗೆರೆಗಳು ಮೂಡಿದವು. ದಿನಾ ಜೆರಾಕ್ಸಿಗೆ ಬರುವ ನಿವೃತ್ತ ಅಧಿಕಾರಿಯೊಬ್ಬರು ಮಾತ್ರ ಕನ್ನಡಕ ಮೇಲೆತ್ತಿಕೊಂಡು, ‘ಇದ್ರಲ್ಲಿ ಯಾರ ಸಹಿ ಬೇಕಾದ್ರೂ ಯಾರು ಬೇಕಾದ್ರೂ ಹಾಕ್ಬೋದಲ್ಲಮ್ಮ’ ಎಂದರು. ‘ನಿಮ್ಮ ಸಹಿ ತಗೊಂಡು ನಾನೇನ್ ಮಾಡ್ಲಿ ಸಾರ್’ ಎಂದು ನಾನು ಮುಖಕ್ಕೆ ಹೊಡೆದಂತೆ ಹೇಳಿದೆ. ಆಗ ನನ್ನ ನಾಲಿಗೆ ಸ್ವಲ್ಪ ಉದ್ದವೇ ಇತ್ತು.

ಆರ್‌ಪಿಸಿ ಲೇಔಟ್‌ನಲ್ಲಿ ಪಾರ್ಕಿಗೆ ಎದುರಾಗಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಬೋರ್‌ವೆಲ್ ಕೊರೆಯುವವರ ಕರಪತ್ರ, ಎಲ್ಲವೂ ಅಲ್ಲಿಂದಲೇ. ನವೆಂಬರ್ ಬಂತೆಂದರೆ ಇವೆಲ್ಲ ಹಿಂದೆ ಸರಿದು ಬಿನ್ನವತ್ತಳೆಗಳು ಮುಂದೆ ಬರುತ್ತವೆ. ನಮ್ಮ ಕಡೆ ಕ್ರಾಸಿಗೊಂದು ಸಂಘವಿದೆ. ರಾಜ್ಯೋತ್ಸವ ಮಾಡದ ಸಂಘವಿಲ್ಲ, ಸನ್ಮಾನವಿಲ್ಲದ ರಾಜ್ಯೋತ್ಸವವಿಲ್ಲ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಸನ್ಮಾನಿತರನ್ನು ಹೊಗಳಿ ಬರೆದು ಫ್ರೇಮು ಹಾಕಿಸಿ ಕೊಡುವ ಆ ಪತ್ರವೊಂದನ್ನು ಮಾತ್ರ ಯಾರಾದರೂ ಕೂತು ಬರೆಯಬೇಕು. ನಮ್ಮ ಸುತ್ತಮುತ್ತಲಲ್ಲಿ ಅದನ್ನು ಬರೆಯುತ್ತಿದ್ದವರು ಮೇಷ್ಟ್ರು.

ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅಂಗಡಿಯಿಂದ ಎರಡು ಕ್ರಾಸ್ ಆಚೆ ಮನೆ. ಮೂತಿ ಕತ್ತರಿಸಿದ ಕಡ್ಡಿ ಪೆನ್ನನ್ನು ಕಪ್ಪು ಶಾಯಿಯಲ್ಲಿ ಅದ್ದಿ ಬರೆಯುತ್ತಿದ್ದರು. ತಲೆಕಟ್ಟು ದಪ್ಪ, ಕೆಳಗಿನ ಸುತ್ತು ಸಣ್ಣ, ಕೊಂಬುಗಳಿಗೆ ಸ್ವಲ್ಪ ಒಯ್ಯಾರ. ಸಾವಿರ ಅಕ್ಷರದ ನಡುವೆ ಇಟ್ಟರೂ ಇದು ಮೇಷ್ಟ್ರದು ಎಂದು ವಿಜಯನಗರದಿಂದ ಕೆಂಗೇರಿಯವರೆಗೆ ಸಂಘ ಕಟ್ಟಿಕೊಂಡವರೆಲ್ಲ ಹೇಳುತ್ತಿದ್ದರು. ಸಂಘದವರು ಬಂದು ಹೇಳುತ್ತಿದ್ದುದು ನನ್ನ ಅಂಗಡಿಗೆ. ಮೇಷ್ಟ್ರು ಬರೆದು ತಂದದ್ದನ್ನು ನಾನು ಸ್ಕ್ಯಾನ್ ಮಾಡಿ, ಅಂಚಿಗೆ ಹೂಬಳ್ಳಿ ಕೂರಿಸಿ, ಪ್ರಿಂಟ್ ತೆಗೆದು ಫ್ರೇಮಿಗೆ ಕಳಿಸುತ್ತಿದ್ದೆ.

ಮೇಷ್ಟ್ರು ಇದಕ್ಕೆ ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದುದು ಬೇರೆ. ಕಾರ್ಯಕ್ರಮಕ್ಕೆ ಅವರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಪತ್ರ ಓದಿ ಮುಗಿದ ಮೇಲೆ ಮೈಕು ಹಿಡಿದವರು ‘ಈ ಅಕ್ಷರ ನಮ್ಮ ಮೇಷ್ಟ್ರದು’ ಎಂದು ಹೇಳುವುದು ವಾಡಿಕೆ. ಎಲ್ಲರೂ ತಿರುಗಿ ನೋಡುತ್ತಿದ್ದರು. ಮೇಷ್ಟ್ರು ಕೂತಲ್ಲಿಂದಲೇ ಕೈ ಮುಗಿಯುತ್ತಿದ್ದರು. ವರ್ಷವಿಡೀ ಒಗೆದು ಇಸ್ತ್ರಿ ಮಾಡಿಟ್ಟ ಬಿಳಿ ಜುಬ್ಬಾ ಹೊರಗೆ ಬರುತ್ತಿದ್ದುದು ಆ ಒಂದು ತಿಂಗಳಿಗೆ.

ಅವರದೊಂದು ಹಟವೂ ಇತ್ತು. ಸ್ವಂತದವರಿಗೆ ಬರೆಯುವುದಿಲ್ಲ. ಅವರ ಹೆಂಡತಿಯ ತಮ್ಮ, ಮೂಡಲಪಾಳ್ಯದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವರು, ತಮ್ಮ ವರ್ತಕರ ಸಂಘದ ಸನ್ಮಾನಕ್ಕೆ ಬರೆದುಕೊಡಿ ಭಾವ ಎಂದು ಮನೆಗೇ ಬಂದು ಕೇಳಿದರೂ ಇವರು ಒಪ್ಪಲಿಲ್ಲ. ಭಾವಮೈದ ಮುನಿಸಿಕೊಂಡು ಎರಡು ಯುಗಾದಿಗೆ ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ. ಆ ಅಕ್ಕ ನನ್ನ ಅಂಗಡಿಯಲ್ಲೇ ಕೂತು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ‘ಯಾಕ್ ಸಾರ್ ಇಷ್ಟು ಹಟ’ ಎಂದು ನಾನೇ ಒಮ್ಮೆ ಕೇಳಿದೆ. ‘ನಮ್ಮೋರನ್ನ ನಾನೇ ಹೊಗಳಿ ಬರೆದ್ರೆ, ಆಮೇಲೆ ನಾನು ಯಾರನ್ನ ಹೊಗಳಿ ಬರೆದ್ರೂ ಜನ ನಂಬಲ್ಲ ಕಣಮ್ಮ’ ಎಂದರು. ನಾನು ಮನಸ್ಸಿನಲ್ಲೇ ಮೂಗು ಮುರಿದೆ. ಬಿನ್ನವತ್ತಳೆಯನ್ನು ನಂಬುವವರು ಯಾರಿದ್ದಾರೆ ಈ ಕಾಲದಲ್ಲಿ?

ಶ್ರಾವಣದಲ್ಲಿ ಟ್ಯಾಬ್ಲೆಟ್ ಬಂದಾಗ ಮೇಷ್ಟ್ರು ಇಂಕು ಎಲ್ಲಿ ಎಂದು ಕೇಳಲಿಲ್ಲ, ಬೆರಳಿನಿಂದ ಉಜ್ಜಲೂ ಇಲ್ಲ. ಸ್ಟೂಲಿನ ಮೇಲೆ ಕೂತು ನೋಡಿದರು. ಎದ್ದು ಹೊರಗಿನ ನಲ್ಲಿಯಲ್ಲಿ ಕೈ ತೊಳೆದು, ಟವೆಲಿನಿಂದ ಒರೆಸಿಕೊಂಡು ಬಂದು, ಆಮೇಲೆ ಪೆನ್ನು ಕೈಗೆ ತೆಗೆದುಕೊಂಡರು. ಒಂದು ‘ಅ’ ಬರೆದರು. ಪೆನ್ನು ಜಾರಿ ಅಕ್ಷರದ ಬಾಲ ಎಲ್ಲಿಗೋ ಹೋಯಿತು. ‘ಎಣ್ಣೆ ಸವರಿದ ತಟ್ಟೆ ಮೇಲೆ ಬರೆದಂಗಿದೆ’ ಎಂದು ನಕ್ಕರು. ಹಸಿ ಶಾಯಿಯ ಮೇಲೆ ಕೈ ತಾಗಬಾರದೆಂಬ ಹಳೆಯ ಅಭ್ಯಾಸಕ್ಕೆ ಅಂಗೈಯನ್ನು ಗಾಜಿಗೆ ತಾಗಿಸದೆ ಮೇಲಕ್ಕೆ ಎತ್ತಿಯೇ ಹಿಡಿದಿದ್ದರು. ‘ಒರಗಿಸಿ ಸಾರ್, ಏನೂ ಆಗಲ್ಲ’ ಎಂದರೂ ಕೇಳಲಿಲ್ಲ. ಕಾಲು ಗಂಟೆಯಲ್ಲಿ ತೋಳು ನಡುಗತೊಡಗಿತು, ಎದ್ದು ಹೋದರು.

ಇನ್ನು ಇವರು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಮಾರನೆಯ ದಿನ ಹತ್ತೂವರೆಗೆ ಒಂದು ಹಾಳೆ ಬಟರ್ ಪೇಪರ್ ಹಿಡಿದುಕೊಂಡು ಬಂದರು. ಅದನ್ನು ಗಾಜಿನ ಅಳತೆಗೆ ಕತ್ತರಿಸಿ, ನಾಲ್ಕು ಮೂಲೆಗೂ ಟೇಪು ಹಚ್ಚಿ ಬರೆದು ನೋಡಿದರು. ಈಗ ಪೆನ್ನು ಕಾಗದವನ್ನು ಕಚ್ಚಿಕೊಂಡು ಓಡಿತು. ಒತ್ತಿದರೆ ದಪ್ಪ, ಸಡಿಲ ಬಿಟ್ಟರೆ ಸಣ್ಣ. ‘ಇವಾಗ ಮಾತು ಕೇಳ್ತಾ ಇದೆ ನೋಡು’ ಎಂದರು. ಕಂಪನಿಯವರು ಕೊಟ್ಟ ಪುಸ್ತಕವನ್ನು ಮೂರು ಸಲ ಓದಿದ್ದ ನನಗೆ ಹೊಳೆಯದ ಉಪಾಯ ಅದು.

ಬರೆದದ್ದನ್ನು ಹಿಂದಕ್ಕೆ ಕಳಿಸುವ ಗುಂಡಿಯನ್ನು ತೋರಿಸಿಕೊಟ್ಟೆ. ಒತ್ತಿದರು. ಬರೆದ ‘ಳ’ ಮಾಯವಾಯಿತು. ಮೊದಲು ನಕ್ಕರು, ಆಮೇಲೆ ಮುಖ ಗಂಟಿಕ್ಕಿಕೊಂಡರು. ‘ತಪ್ಪು ಕಣ್ಣೆದುರಿಗೆ ಇರ್ಬೇಕಮ್ಮ. ಕಾಣದೇ ಹೋದ್ರೆ ಇನ್ನೊಂದ್ಸಲ ಅದೇ ತಪ್ಪು ಮಾಡ್ತೀನಿ’ ಎಂದು ಆ ಗುಂಡಿಯನ್ನು ಮತ್ತೆ ಮುಟ್ಟಲಿಲ್ಲ. ಚೆನ್ನಾಗಿ ಬಾರದ ಅಕ್ಷರದ ಪಕ್ಕದಲ್ಲೇ ಇನ್ನೊಂದು ಬರೆಯುತ್ತಿದ್ದರು. ದಿನಾ ಬರತೊಡಗಿದರು. ಎಪ್ಪತ್ತು ದಾಟಿದ ಮನುಷ್ಯ ಹೊಸ ಆಟದ ಸಾಮಾನು ಸಿಕ್ಕವರ ಹಾಗೆ ಗಾಜಿನ ಮೇಲೆ ಬಗ್ಗಿ ಕೂತಿರುವುದನ್ನು ನೋಡಿ ಜೆರಾಕ್ಸಿಗೆ ಬಂದವರು ನಿಂತು ನೋಡುತ್ತಿದ್ದರು. ನನಗೂ ಖುಷಿಯಾಗುತ್ತಿತ್ತು. ಅದು ಸುಳ್ಳಲ್ಲ.

ಕೆಟ್ಟ ಯೋಚನೆ ಬಂದದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಪ್ರಯತ್ನಪಟ್ಟಿದ್ದೇನೆ. ಹಿಂದಿನ ನವೆಂಬರಿನಲ್ಲಿ ಮೇಷ್ಟ್ರು ಒಂದೊಂದು ಪತ್ರಕ್ಕೆ ಎರಡೆರಡು ದಿನ ತೆಗೆದುಕೊಂಡಿದ್ದರು. ಸಂಘದವರು ನನ್ನ ತಲೆ ತಿಂದಿದ್ದರು. ಕೆಂಗೇರಿಯವರೊಬ್ಬರಿಗೆ ಪತ್ರ ಕೈಗೆ ಸಿಕ್ಕಿದ್ದು ನಾಡಗೀತೆ ಶುರುವಾದ ಮೇಲೆ, ಅದಕ್ಕೆ ಬೈಸಿಕೊಂಡವಳು ನಾನು. ಈಗ ಮೇಷ್ಟ್ರ ಅಕ್ಷರ ನನ್ನ ಕಂಪ್ಯೂಟರಿನೊಳಗೇ ಬಂದು ಬೀಳುತ್ತಿದೆ. ಇದನ್ನೇ ಒಂದು ಫಾಂಟ್ ಮಾಡಿಬಿಟ್ಟರೆ ನಾನು ಟೈಪ್ ಮಾಡಿದ ಹಾಗೆ ಮೇಷ್ಟ್ರ ಕೈಬರಹ ಬರುತ್ತದೆ, ಅವರನ್ನು ಕಾಯಬೇಕಾದ್ದೇ ಇಲ್ಲ. ಜ್ಞಾನಭಾರತಿ ಕಡೆ ಫಾಂಟ್ ಮಾಡಿಕೊಡುವ ಪರಿಚಯದವರೊಬ್ಬರಿದ್ದರು. ಎಲ್ಲ ಅಕ್ಷರ, ಎಲ್ಲ ಕಾಗುಣಿತ, ಎಲ್ಲ ಒತ್ತಕ್ಷರ ಬೇರೆ ಬೇರೆಯಾಗಿ ಬೇಕು ಎಂದರು.

ನಾನು ಗಾಜಿನ ಮೇಲೆ ಚೌಕಗಳನ್ನು ಹಾಕಿಟ್ಟೆ. ‘ಸಾರ್, ಒಂದೊಂದು ಮನೆಗೆ ಒಂದೊಂದು ಅಕ್ಷರ ಬರೀರಿ. ಕೈ ಪಳಗುತ್ತೆ’ ಎಂದೆ. ಡ್ರಾಯಿಂಗ್ ಮೇಷ್ಟ್ರಿಗೆ ಕೈ ಪಳಗಿಸುವ ಪಾಠ ಹೇಳಿದೆ. ಅವರು ವಿಧೇಯ ವಿದ್ಯಾರ್ಥಿಯ ಹಾಗೆ ‘ಕ’ದಿಂದ ಶುರು ಮಾಡಿ ‘ಕಃ’ವರೆಗೆ, ‘ಖ’ದಿಂದ ‘ಖಃ’ವರೆಗೆ ಮೂರು ವಾರ ಕೂತು ಬರೆದರು. ಬೇಕಾಗುವ ಒತ್ತಕ್ಷರಗಳ ಪಟ್ಟಿಯನ್ನೂ ಕೊಟ್ಟೆ. ಒಮ್ಮೆ ತಲೆಯೆತ್ತಿ, ‘ಇದನ್ನೆಲ್ಲ ಏನ್ ಮಾಡ್ತೀಯಮ್ಮ?’ ಎಂದು ಕೇಳಿದರು. ‘ಸುಮ್ನೆ ಸಾರ್, ನೆನಪಿಗೆ’ ಎಂದೆ. ಆ ಹೊತ್ತಿನಲ್ಲಿ ಅವರಿಗೆ ಇರುವುದನ್ನು ಇದ್ದ ಹಾಗೆ ಹೇಳಬಹುದಿತ್ತು. ಬೇಡ ಎನ್ನುತ್ತಾರೇನೋ ಎಂಬ ಅನುಮಾನವಿತ್ತು, ಅದಕ್ಕೇ ಹೇಳಲಿಲ್ಲ. ಬೇಡ ಎನ್ನಬಹುದು ಎಂದು ಗೊತ್ತಿದ್ದೂ ಕೇಳದೆ ತೆಗೆದುಕೊಂಡದ್ದಕ್ಕೆ ಕಳ್ಳತನ ಎಂದೇ ಹೆಸರು. ಈಗ ಬೇರೆ ಹೆಸರು ಹುಡುಕುವುದನ್ನು ಬಿಟ್ಟಿದ್ದೇನೆ.

ದಸರಾ ಮುಗಿಯುವ ಹೊತ್ತಿಗೆ ಫಾಂಟ್ ತಯಾರಾಯಿತು. ಮೊದಲ ಸಲ ನನ್ನ ಹೆಸರು ಟೈಪ್ ಮಾಡಿದೆ. ಮೇಷ್ಟ್ರ ಅಕ್ಷರದಲ್ಲಿ ಬಂತು. ಮೈ ಜುಮ್ಮೆಂದಿತು. ಆ ನವೆಂಬರಿನಲ್ಲಿ ಏಳೆಂಟು ಪತ್ರಗಳನ್ನು ಹಾಗೆ ಮಾಡಿಕೊಟ್ಟೆ, ಎಲ್ಲವೂ ದೂರದವರಿಗೆ. ‘ಮೇಷ್ಟ್ರೇ ಬರೆದಿದ್ದಾ ಮೇಡಂ?’ ಎಂದು ಕೇಳಿದರೆ ‘ಹೂಂ’ ಎಂದೆ. ಕಾರ್ಯಕ್ರಮಕ್ಕೆ ಅವರನ್ನು ಕರೆಯಬೇಕಿತ್ತು ಎಂದವರಿಗೆ, ‘ಅವ್ರಿಗೆ ಹುಷಾರಿಲ್ಲ, ಓಡಾಡಲ್ಲ, ಫೋನೂ ಮಾಡ್ಬೇಡಿ’ ಎಂದೆ. ಗಟ್ಟಿಮುಟ್ಟಾಗಿದ್ದ ಮನುಷ್ಯನನ್ನು ಮಾತಿನಲ್ಲೇ ಹಾಸಿಗೆ ಹಿಡಿಸಿದೆ.

ಒಂದು ಬೆಳಿಗ್ಗೆ ಮೇಷ್ಟ್ರು ಬಂದು ಸ್ಟೂಲಿನ ಮೇಲೆ ಕೂತರು. ಆ ದಿನ ಟ್ಯಾಬ್ಲೆಟ್ ಕೇಳಲಿಲ್ಲ. ‘ಈ ಸಲ ಯಾರೂ ಬರೆಸೋಕೆ ಬರ್ಲೇ ಇಲ್ವಲ್ಲಮ್ಮ’ ಎಂದರು. ಪರದೆಯ ಮೇಲೆ ಅವರದೇ ಅಕ್ಷರದಲ್ಲಿ ಅರ್ಧ ಪತ್ರ ತೆರೆದಿತ್ತು. ಸರಕ್ಕನೆ ಅದನ್ನು ಮುಚ್ಚಿ, ‘ಈಗೆಲ್ಲ ಮೊಮೆಂಟೋ ಕೊಡೋದು ಸಾರ್. ಪತ್ರ ಓದೋಕೆ ಯಾರಿಗೆ ಪುರುಸೊತ್ತಿದೆ?’ ಎಂದೆ. ‘ಹೌದೌದು’ ಎಂದರು. ‘ಕಾಲ ಬದಲಾಯ್ತು. ನನಗೂ ಕಣ್ಣು ಮೊದಲಿನ ಹಾಗಿಲ್ಲ.’ ನನ್ನ ಸುಳ್ಳಿಗೆ ಅವರೇ ಊರುಗೋಲು ಕೊಟ್ಟು ನಿಲ್ಲಿಸಿದರು. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅದಾದ ನಾಲ್ಕು ದಿನಕ್ಕೆ ನಮ್ಮದೇ ರಸ್ತೆಯ ಸಂಘದ ಅಧ್ಯಕ್ಷರು ಅಂಗಡಿಗೆ ಬಂದರು. ‘ಈ ವರ್ಷ ನಮ್ಮ ಸನ್ಮಾನ ಮೇಷ್ಟ್ರಿಗೇ ಮೇಡಂ. ಎಲ್ರಿಗೂ ಬರೆದುಕೊಟ್ರು, ಅವ್ರಿಗೇ ಯಾರೂ ಮಾಡಿಲ್ಲ. ಪತ್ರ ಮಾತ್ರ ಅವ್ರ ಹತ್ರ ಬರೆಸೋ ಹಾಗಿಲ್ಲ. ಒಳ್ಳೊಳ್ಳೆ ಮಾತು ಹಾಕಿ ಕಂಪ್ಯೂಟರಲ್ಲೇ ಏನೋ ಒಂದು ಮಾಡಿಬಿಡಿ’ ಎಂದರು. ಅವರು ಹೇಳಿದಂತೆ ಯಾವುದೋ ಮಾಮೂಲಿ ಫಾಂಟಿನಲ್ಲಿ ಮಾಡಿಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ನನ್ನ ತಲೆ ಬೇರೆಯೇ ಲೆಕ್ಕ ಹಾಕಿತು. ಮೇಷ್ಟ್ರ ಅಕ್ಷರದಲ್ಲೇ ಮೇಷ್ಟ್ರ ಪತ್ರ ಮಾಡಿದರೆ ಎಷ್ಟು ಚೆಂದ! ವೇದಿಕೆಯ ಮೇಲೆ ಬಿಚ್ಚಿ ನೋಡಿ ಬೆರಗಾಗುತ್ತಾರೆ. ಶಾಲು ಹೊದ್ದು ಖುಷಿಯಲ್ಲಿ ಕೆಳಗಿಳಿದು ಬಂದಾಗ ಫಾಂಟಿನ ವಿಷಯ ಹೇಳಿಬಿಡೋಣ. ಆ ಖುಷಿಯಲ್ಲಿ ಬೈಯುವುದಿಲ್ಲ. ಉಡುಗೊರೆಯ ನೆಪದಲ್ಲಿ ನನ್ನ ತಪ್ಪನ್ನೂ ಅದರ ಜೊತೆಗೇ ಸುತ್ತಿ ಕೊಟ್ಟುಬಿಡುವ ಉಪಾಯ. ಅಂಗಡಿಯಲ್ಲಿದ್ದ ಹಳೆಯ ಪತ್ರಗಳಿಂದ ಮಾತು ಆರಿಸಿದೆ: ಅಕ್ಷರ ಶಿಲ್ಪಿ, ಕಲಾ ತಪಸ್ವಿ, ನಿಗರ್ವಿ, ವಿನಯದ ಗಣಿ. ಫ್ರೇಮು ಹಾಕಿಸಿ, ಬಣ್ಣದ ಕಾಗದ ಸುತ್ತಿ, ವೇದಿಕೆಯ ಮೇಲೆಯೇ ಬಿಚ್ಚಬೇಕು ಎಂದು ಅಧ್ಯಕ್ಷರಿಂದ ಮಾತು ತೆಗೆದುಕೊಂಡೆ.

ಪಾರ್ಕಿನ ಪಕ್ಕದ ರಸ್ತೆಗೆ ಶಾಮಿಯಾನ ಹಾಕಿದ್ದರು. ಸಂಜೆ ಆರೂವರೆ. ಕೆಂಪು ಹಳದಿ ಬಾವುಟ, ಪ್ಲಾಸ್ಟಿಕ್ ಕುರ್ಚಿ, ಮಕ್ಕಳ ಕುಣಿತ ಆಗಷ್ಟೇ ಮುಗಿದಿತ್ತು. ನಾನು ಮೂರನೆಯ ಸಾಲಿನಲ್ಲಿದ್ದೆ. ಮುಂದಿನ ಸಾಲಿನಲ್ಲಿ ಮೇಷ್ಟ್ರ ಹೆಂಡತಿ ರೇಷ್ಮೆ ಸೀರೆಯುಟ್ಟು ಕೂತಿದ್ದರು. ಅವರ ಪಕ್ಕದಲ್ಲಿ ಅವರ ತಮ್ಮ, ಆ ಹಾರ್ಡ್‌ವೇರ್ ಅಂಗಡಿಯವರು. ಸನ್ಮಾನದ ಸುದ್ದಿ ಕೇಳಿ ಮುನಿಸು ಬಿಟ್ಟು ಅಕ್ಕನ ಜೊತೆ ಬಂದಿದ್ದರು.

ಪೇಟ ತೊಡಿಸಿದರು, ಶಾಲು ಹೊದಿಸಿದರು. ಅಧ್ಯಕ್ಷರು ಬಣ್ಣದ ಕಾಗದ ಹರಿದು ಫ್ರೇಮನ್ನು ಸಭೆಯ ಕಡೆ ತಿರುಗಿಸಿದರು. ತಾವೂ ಬಗ್ಗಿ ನೋಡಿದರು. ನಾನು ಹೋಗಿ ಮೇಷ್ಟ್ರ ಕೈಯಲ್ಲೇ ಬರೆಸಿಬಿಟ್ಟೆ ಎಂದುಕೊಂಡಿರಬೇಕು. ಆಮೇಲೆ ಮೈಕಿನಲ್ಲೇ, ‘ಏನ್ ಮೇಷ್ಟ್ರೇ, ನಿಮ್ಮ ಬಿನ್ನವತ್ತಳೆ ನೀವೇ ಬರ್ಕೊಂಡ್ಬಿಟ್ರಾ?’ ಎಂದರು.

ಸಭೆ ಗೊಳ್ಳೆಂದಿತು. ಅಧ್ಯಕ್ಷರು ಕೆಟ್ಟವರಲ್ಲ, ತಮಾಷೆಯ ಮನುಷ್ಯ. ಸಭೆ ನಕ್ಕಿದ್ದು ಕಂಡು ಹುರುಪಿನಿಂದ ಓದಲು ಶುರು ಮಾಡಿದರು. ‘ಅಕ್ಷರ ಶಿಲ್ಪಿ’ಗೆ ಸ್ವಲ್ಪ ನಗು. ‘ನಿಗರ್ವಿ’ಗೆ ಇನ್ನಷ್ಟು. ‘ವಿನಯದ ಗಣಿ’ಗೆ ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ತನ್ನನ್ನು ತಾನೇ ವಿನಯದ ಗಣಿ ಎಂದು ದುಂಡಗೆ ಬರೆದುಕೊಂಡು ಬಂದು ಶಾಲು ಹೊದ್ದು ನಿಂತ ಮುದುಕ. ಅಲ್ಲಿದ್ದವರಿಗೆಲ್ಲ ಕಂಡದ್ದು ಅಷ್ಟೇ. ಅವರ ಅಕ್ಷರ ಗೊತ್ತಿಲ್ಲದವರು ಆ ಸಭೆಯಲ್ಲಿ ಇರಲಿಲ್ಲ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಬೇರೆ ಊರಿನಲ್ಲಾಗಿದ್ದರೆ ಚೆಂದದ ಪತ್ರ ಎಂದು ಚಪ್ಪಾಳೆ ತಟ್ಟುತ್ತಿದ್ದರೇನೋ. ಇಲ್ಲಿ ಅವರ ಒಂದು ‘ಕ’ ನೋಡಿದರೂ ಸಾಕಾಗಿತ್ತು.

ಮುಂದಿನ ಸಾಲಿನಲ್ಲಿ ಭಾವಮೈದ ಪಕ್ಕದವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ‘ಸ್ವಂತದೋರಿಗೆ ಬರೆಯಲ್ಲ ಅಂದಿದ್ರು ಸಾರ್ ನಮ್ಮ ಭಾವ. ಸ್ವಂತಕ್ಕೆ ಬರ್ಕೋತಾರೆ’ ಎಂದರು. ಮೇಷ್ಟ್ರ ಹೆಂಡತಿ ತಲೆ ತಗ್ಗಿಸಿ ಸೆರಗಿನ ಅಂಚು ಎಳೆದುಕೊಂಡರು.

ಮೇಷ್ಟ್ರು ಫ್ರೇಮನ್ನು ಕೈಗೆ ತೆಗೆದುಕೊಂಡರು. ಕನ್ನಡಕದ ಹತ್ತಿರ ಹಿಡಿದು ನೋಡಿದರು. ಬೆರಳಿನಿಂದ ಒಂದು ‘ರ’ವನ್ನು ಮುಟ್ಟಿದರು, ಆಮೇಲೆ ಕೆಳಗಿನ ಸಾಲಿನ ಇನ್ನೊಂದು ‘ರ’ವನ್ನು, ಆಮೇಲೆ ಮತ್ತೊಂದನ್ನು. ಎಲ್ಲವೂ ಅಚ್ಚೊತ್ತಿದಂತೆ ಒಂದೇ ಆಗಿದ್ದವು. ಮನುಷ್ಯನ ಕೈ ಒಂದೇ ಅಕ್ಷರವನ್ನು ಹಾಗೆ ಎರಡು ಸಲ ಬರೆಯುವುದಿಲ್ಲ. ಅವರಿಗೆ ಎಲ್ಲ ತಿಳಿಯಿತು ಎಂದು ನನಗೂ ತಿಳಿಯಿತು. ತಲೆಯೆತ್ತಿ ಸಭೆಯಲ್ಲಿ ಹುಡುಕಿದರು. ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು.

ಎಷ್ಟು ಹೊತ್ತು ನೋಡಿದರು ಎಂದು ಹೇಳಲಾರೆ. ಎದ್ದು, ‘ಅದು ಅವರು ಬರೆದದ್ದಲ್ಲ, ನಾನು ಮಾಡಿದ್ದು’ ಎಂದರೆ ಮುಗಿಯುತ್ತಿತ್ತು. ಹಾಗೆಂದರೆ ಹೇಗೆ ಎಂದು ಕೇಳುತ್ತಾರೆ. ಫಾಂಟಿನ ಮಾತು ಬರುತ್ತದೆ. ಕೆಂಗೇರಿಯವರಿಗೆ, ವಿಜಯನಗರದವರಿಗೆ ಕೊಟ್ಟ ಪತ್ರಗಳೂ ಹಿಂದೆಯೇ ಬರುತ್ತವೆ. ಮೇಷ್ಟ್ರಿಗೆ ಹುಷಾರಿಲ್ಲ ಎಂದದ್ದೂ ಬರುತ್ತದೆ. ಇನ್ನು ಯಾರು ನನ್ನ ಅಂಗಡಿಗೆ ಕಾಲಿಡುತ್ತಾರೆ? ಇಷ್ಟೆಲ್ಲ ಯೋಚಿಸುವಷ್ಟು ಹೊತ್ತು ಅವರು ನನ್ನನ್ನು ನೋಡಿದರು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿ ಮಾಡಿಕೊಂಡೆ. ಅದು ಸರಿಯಾಗಿಯೇ ಇತ್ತು.

ಬಗ್ಗಿರುವಾಗಲೇ ಮೈಕಿನಲ್ಲಿ ಮೇಷ್ಟ್ರ ದನಿ ಕೇಳಿಸಿತು. ‘ಹೌದಪ್ಪ, ನಾನೇ ಬರೆದೆ. ಯಾರಾದ್ರೂ ಒಬ್ರು ಬರೀಬೇಕಲ್ಲ.’ ಮತ್ತೆ ನಗು. ಚಪ್ಪಾಳೆಯೂ ಬಿತ್ತು, ಜಾಣ ಉತ್ತರಕ್ಕೆ ಬೀಳುವ ಚಪ್ಪಾಳೆ. ಅವರು ಸಭೆಗೆ ಕೈ ಮುಗಿದು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಕೆಳಗಿಳಿದರು. ಫ್ರೇಮು ವೇದಿಕೆಯ ಕುರ್ಚಿಯ ಮೇಲೆಯೇ ಉಳಿಯಿತು. ನಾನು ಚಿತ್ರಾನ್ನ ಹಂಚುವ ಮೊದಲೇ ಅಲ್ಲಿಂದ ಜಾಗ ಖಾಲಿ ಮಾಡಿದೆ.

ಆಮೇಲೆ ಮೇಷ್ಟ್ರು ಅಂಗಡಿಗೆ ಬರಲಿಲ್ಲ. ನಾನೂ ಅವರ ಮನೆಯ ಕ್ರಾಸಿನಲ್ಲಿ ಓಡಾಡುವುದನ್ನು ಬಿಟ್ಟೆ, ತರಕಾರಿಗೆ ಸುತ್ತು ಹಾಕಿಕೊಂಡು ಹೋದೆ. ಜೆರಾಕ್ಸಿಗೆ ಬಂದವರು ‘ವಿನಯದ ಗಣಿ ಹೇಗಿದಾರೆ?’ ಎಂದು ನಗುತ್ತಿದ್ದರು. ಪಾರ್ಕಿನಲ್ಲಿ ವಾಕಿಂಗ್ ಮಾಡುವವರ ಬಾಯಲ್ಲಿ ಅದು ಅವರ ಅಡ್ಡಹೆಸರೇ ಆಗಿಹೋಯಿತು. ಮೊದಮೊದಲು ನಾನೂ ಅವರ ಜೊತೆ ಹಲ್ಲು ಬಿಟ್ಟೆ. ನಗದಿದ್ದರೆ ಅನುಮಾನ ಬರುತ್ತದೆ ಎಂಬ ಭಯ. ಈ ಒಂದು ಮಾತನ್ನು ಮನೆಯವರಿಗೂ ಹೇಳಿರಲಿಲ್ಲ.

ಎರಡು ವಾರ ಕಳೆದ ಮೇಲೆ ತಡೆಯಲಾಗಲಿಲ್ಲ. ಆಗಲೂ ಮೇಷ್ಟ್ರ ಎದುರು ನಿಲ್ಲುವ ಧೈರ್ಯವಿರಲಿಲ್ಲ. ಸುಲಭದ ದಾರಿ ಹುಡುಕಿದೆ. ಭಾವಮೈದನಿಗೆ ನಿಜ ಹೇಳಿದರೆ ಅವರ ಬಾಯಿಂದ ಅದು ತಾನಾಗಿ ಊರೆಲ್ಲ ಹರಡುತ್ತದೆ ಎಂದುಕೊಂಡು, ಟ್ಯಾಬ್ಲೆಟನ್ನು ಚೀಲಕ್ಕೆ ಹಾಕಿಕೊಂಡು ಮೂಡಲಪಾಳ್ಯಕ್ಕೆ ಹೋದೆ. ಪೈಪು, ಬಣ್ಣದ ಡಬ್ಬಗಳ ನಡುವೆ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಅವರ ಹೆಸರನ್ನೇ ಟೈಪ್ ಮಾಡಿ ತೋರಿಸಿದೆ. ಭಾವನ ಅಕ್ಷರದಲ್ಲಿ ತಮ್ಮ ಹೆಸರು ಮೂಡಿದ್ದನ್ನು ಅವರು ಸ್ವಲ್ಪ ಹೊತ್ತು ನೋಡಿದರು.

‘ಇಷ್ಟೂ ಅಕ್ಷರ ಇದ್ರೊಳಗೆ ಬರೆದವ್ರು ಯಾರು?’ ಎಂದರು.

‘ಅವ್ರೇ ಸಾರ್. ಯಾಕೆ ಅಂತ ಅವ್ರಿಗೆ ಗೊತ್ತಿರ್ಲಿಲ್ಲ.’

‘ಮೂರು ವಾರ ದಿನಾ ಬಂದು ಬರೆದ್ರು, ಯಾಕೆ ಅಂತ ಗೊತ್ತಿಲ್ಲ. ಮೈಕಲ್ಲಿ ಅಷ್ಟು ಜನರ ಮುಂದೆ ನಾನೇ ಬರೆದೆ ಅಂದ್ರು, ಅದೂ ಸುಳ್ಳು. ಅಲ್ವಾ?’ ಅವರು ಟ್ಯಾಬ್ಲೆಟನ್ನು ನನ್ನ ಕಡೆ ತಳ್ಳಿದರು. ‘ಎರಡು ವಾರ ಆದ್ಮೇಲೆ ನೀವು ಬಂದು ಹೇಳ್ತಾ ಇದೀರಿ. ಅವ್ರೇ ಕಳಿಸಿದ್ರಾ ಮೇಡಂ?’

ಇಲ್ಲ, ಇಲ್ಲ ಎಂದೆ. ನಾನು ಇಲ್ಲ ಎಂದಷ್ಟೂ ಅವರ ತುಟಿಯ ಮೇಲಿನ ನಗು ಅಗಲವಾಯಿತು. ಗಿರಾಕಿ ಬಂದರು, ಅವರು ಮೊಳೆ ತೂಗಲು ಎದ್ದರು. ನನ್ನ ಮಾತು ನಿಜವೆನಿಸಿಕೊಳ್ಳುವ ಸಮಯ ಶಾಮಿಯಾನದ ಕೆಳಗೇ ಮುಗಿದುಹೋಗಿತ್ತು. ಆಟೋದಲ್ಲಿ ಬರುವಾಗ ನನಗೆ ಅರ್ಥವಾಯಿತು, ನಾಳೆಯೊಳಗೆ ಈ ಕತೆಯೂ ಊರಿಗೆ ಗೊತ್ತಾಗುತ್ತದೆ. ಬರೆದುಕೊಂಡದ್ದು ಸಾಲದೆಂದು ಮುಚ್ಚಿಹಾಕಲು ಮುದುಕ ಡಿಟಿಪಿಯವಳನ್ನು ಕಳಿಸಿದ್ದ ಎನ್ನುತ್ತಾರೆ. ಮೊದಲು ಮಾಡಿದ್ದಕ್ಕಿಂತ ದೊಡ್ಡ ಮಣ್ಣನ್ನು ಅವರ ತಲೆಯ ಮೇಲೆ ಹಾಕಿ ಬಂದಿದ್ದೆ. ಇನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಬೇಕಿತ್ತು. ಆಟೋವನ್ನು ನೇರ ಮೇಷ್ಟ್ರ ಮನೆಗೆ ಬಿಡಿಸಿದೆ.

ಮೇಷ್ಟ್ರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ‘ಬಾಮ್ಮ’ ಎಂದು ಕುರ್ಚಿ ತೋರಿಸಿದರು. ಒಳಗೆ ಹೆಂಡತಿ ಕುಕ್ಕರ್ ಇಟ್ಟ ಸದ್ದು ಕೇಳುತ್ತಿತ್ತು. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ, ಚೌಕಗಳಿಂದ ಹಿಡಿದು ಮೂಡಲಪಾಳ್ಯದವರೆಗೆ. ಹುಷಾರಿಲ್ಲ ಎಂದು ಹೇಳಿದ್ದನ್ನೂ ಬಿಡಲಿಲ್ಲ. ಅತ್ತುಕೊಂಡೇ ಹೇಳಿದೆ. ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೇಳಿದರು.

‘ಅದನ್ನ ಅಳಿಸಿಬಿಡ್ತೀನಿ ಸಾರ್. ನಿಮ್ಮೆದುರಿಗೇ ಅಳಿಸ್ತೀನಿ’ ಎಂದೆ.

‘ಅದು ನಿನಗೆ ಬಿಟ್ಟಿದ್ದು.’

‘ಅಧ್ಯಕ್ಷರ ಹತ್ರ ಹೋಗಿ ಹೇಳ್ತೀನಿ. ಮುಂದಿನ ವರ್ಷ ಮೈಕಲ್ಲೇ ಹೇಳ್ತೀನಿ.’

ಅವರು ಬೇಡ ಎಂಬಂತೆ ಕೈಯಾಡಿಸಿದರು. ಸಿಟ್ಟು ಕಾಣಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು, ನಾನು ಬೈಸಿಕೊಳ್ಳಲೆಂದೇ ಹೋಗಿದ್ದೆ.

‘ಅವತ್ತು ಅಧ್ಯಕ್ಷರು ಕೇಳಿದ ತಕ್ಷಣ ನಾನು ಉತ್ತರ ಕೊಡ್ಲಿಲ್ಲ. ಗಮನಿಸ್ದ್ಯಾ?’ ಎಂದರು.

‘ಹೂಂ ಸಾರ್.’

‘ನೀನು ಎದ್ದು ಹೇಳ್ತೀಯ ಅಂತ ಕಾಯ್ತಾ ಇದ್ದೆ ಕಣಮ್ಮ. ನೀನು ಬಗ್ಗಿದೆ. ಆಮೇಲೆ ನಾನು ಹೇಳ್ದೆ.’

ಒಳಗಿನಿಂದ ಹೆಂಡತಿ ಕೂಗಿ, ಬಂದವರಿಗೆ ಕಾಫಿ ಇಡಲೇ ಎಂದು ಕೇಳಿದರು. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ‘ಬೇಡ. ಅವ್ಳಿಗೆ ಅಂಗಡಿಗೆ ಹೊತ್ತಾಯ್ತು’ ಎಂದರು.

ನಾನು ಎದ್ದೆ.